ಎಳ್ಳ ಅಮವಾಸ್ಯೆಯ ಕುಣಿ

ಎಳ್ಳ ಅಮವಾಸ್ಯೆಯ ಹಿಂದಿನ ದಿನ ನಮ್ಮ ಚಿಮ್ಮಡದಲ್ಲಿ ಮನೆಮನೆಗೂ ಸಜ್ಜೆರೊಟ್ಟಿ ಬಡಿಯುವ ಸಪ್ಪಳ. ಮರುದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ, ಆಮೇಲೆ ನಾವು ಉಣ್ಣಬೇಕು. ಪಕ್ಕದ ಮನೆಯ ಹೊಳೆಪ್ಪನ ಹೆಂಡತಿ ಲಗಮವ್ವ, ಸೊಸೆ ಕಾವೇರಿ ಒಲೆಯ ಮುಂದೆ ಕೂತಿದ್ದರು. ಕಾವೇರಿ ಬಸುರಿ. ಅವಳ ಮಗಳು ಪ್ರೀತಿ ಗೋಡೆಗೆ ಆನಿಕೊಂಡು ರೊಟ್ಟಿಗೆ ಎಳ್ಳು ಉದುರಿಸುತ್ತಿದ್ದಳು. ಆರು ವರ್ಷದ ಹುಡುಗಿ. ಹುಟ್ಟುವಾಗ ಉಸಿರು ತಡವಾಗಿ ಬಂದಿತ್ತಂತೆ, ಕಾಲು ಬಲಿಯಲೇ ಇಲ್ಲ.

"ಆಯೀ, ನಿನ್ನ ರೊಟ್ಟಿ ಮಾರಿ ಸೊಟ್ಟ ಆಗೈತಿ."

"ನಿನ್ನ ಗಂಡನ ಮಾರಿನೂ ಹಂಗ ಇರತೈತಿ, ಸುಮ್ಮ ಎಳ್ಳ ಹಾಕ," ಎಂದು ಲಗಮವ್ವ ನಕ್ಕಳು.

ಆ ಮುದುಕಿಗೆ ಮೊಮ್ಮಗಳೆಂದರೆ ಜೀವ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದು ದ್ವೇಷದಿಂದ ನಡೆದದ್ದಲ್ಲ.

ಆ ವರ್ಷ ಅಮವಾಸ್ಯೆಯ ಬೆಳಿಗ್ಗೆಯೇ ಸೂರ್ಯಗ್ರಹಣ ಇತ್ತು. ಹಿತ್ತಲಲ್ಲಿ ತಿಪ್ಪೆಯ ಮಗ್ಗುಲಿಗೆ ಪ್ರೀತಿಯ ಅಪ್ಪ ಬಾಳೇಶ ಕುಣಿ ತೋಡುತ್ತಿದ್ದ. ಗ್ರಹಣ ಹಿಡಿದಾಗ ನಡೆಯಲಾರದ ಮಕ್ಕಳನ್ನು ಕೊರಳಮಟ ಗೊಬ್ಬರ ಮಣ್ಣಿನಲ್ಲಿ ಹೂತು, ಬಿಟ್ಟ ಮೇಲೆ ತೆಗೆದರೆ ಕಾಲು ಬರುತ್ತವೆ ಎಂಬುದು ಇಲ್ಲಿಯ ನಂಬಿಕೆ. ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಹೂಳಿಸಿಕೊಂಡವರು ಹಲವರು. ಎದ್ದು ನಡೆದವರು ಒಬ್ಬರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಸಂಜೆ ಮುಧೋಳದಿಂದ ಕಾವೇರಿಯ ಅಣ್ಣ ದುರಗೇಶ ತನ್ನ ಆಟೋದಲ್ಲಿ ಬಂದ. ಅವನು ಬೌದ್ಧ ದೀಕ್ಷೆ ತೆಗೆದುಕೊಂಡವನು. ಆಗಾಗ ಪ್ರೀತಿಯನ್ನು ದವಾಖಾನೆಗೆ ಒಯ್ದು ಕಾಲಿನ ವ್ಯಾಯಾಮ ಮಾಡಿಸಿಕೊಂಡು ಬರುತ್ತಿದ್ದ. ಈಚೆಗೆ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಲ್ಲುವಷ್ಟಾಗಿದ್ದಳು. ಕುಣಿ ನೋಡಿದ್ದೇ ಅವನ ಮುಖ ಕಪ್ಪಿಟ್ಟಿತು.

"ಮಾಮಾ, ಇದೇನ್ರಿ?"

"ಕರ್ಮ ತೊಳ್ಯೂ ಕುಣಿ," ಎಂದ ಹೊಳೆಪ್ಪ, ಕಟ್ಟೆಯಿಂದ ಅಲುಗದೆ. "ಹಿಂದಿನ ಜನ್ಮದಾಗ ಏನ ಮಾಡಿ ಬಂದೈತೋ ಕೂಸು. ರಾಹು ಸೂರ್ಯನ್ನ ಹಿಡದಾಗ ಭೂಮಿತಾಯಿ ಅದನ್ನ ಹೀರಕೋತಾಳ. ದೇವರನ್ನ ಬಿಟ್ಟ ಮಂದಿಗೆ ಇದೇನ ತಿಳೀತೈತಿ?"

"ಕರ್ಮ ನಾವೂ ಬಿಟ್ಟಿಲ್ರಿ. ಆ ಮಾತು ಬುದ್ಧಗಿಂತ ಹಳೇದು, ನಿಮ್ಮಲ್ಲೂ ಐತಿ, ನಮ್ಮಲ್ಲೂ ಐತಿ. ಆದರ ಬುದ್ಧ, ಮನಸಿಟ್ಟು ಮಾಡಿದ್ದು ಕರ್ಮ ಅಂದ. ಎಲ್ಲಾ ಬ್ಯಾನಿ ಕರ್ಮದಿಂದ ಬರಂಗಿಲ್ಲ, ಪಿತ್ತದಿಂದ, ಹವಾದಿಂದ, ಪೆಟ್ಟಿನಿಂದನೂ ಬರತಾವ ಅಂದ. ಅರಸನ ಮಗ ಆಂವಾ. ಮುದುಕನ್ನ, ರೋಗಿನ್ನ, ಹೆಣಾನ ನೋಡಿ ಮನಿ ಬಿಟ್ಟು, ನೋವಿಗೆ ಕಾರಣ ಏನಂತ ಹುಡುಕಾಕ ಹ್ವಾದ. ಕಾರಣ ಇದ್ರ ಕಳ್ಯೂ ದಾರಿನೂ ಇರತೈತಿ. ನಮ್ಮ ಪ್ರೀತಿಗೆ ಹುಟ್ಟೂಮುಂದ ಉಸರು ಸಿಗಲಿಲ್ಲ, ಅದು ಕಾರಣ."

"ಬಂದ್ರ ನೋಡ್ರಿ ಮುಧೋಳದ ಸ್ವಾಮ್ಯಾರು! ಆಟೋಕ್ಕ ಬ್ರೇಕ್ ಐತಿ, ಬಾಯಿಗಿಲ್ಲ," ಎಂದಳು ಲಗಮವ್ವ ಒಳಗಿನಿಂದ.

ದುರಗೇಶ ನಗಲಿಲ್ಲ. "ಅತ್ತಿ, ನಿಮ್ಮ ದೇವರನ್ನ ಬಿಡ್ರಿ ಅಂತ ನಾ ಎಲ್ಲಿ ಅಂದೆ? ವೇದದ ಕಾಲದಿಂದ ನಿಮ್ಮ ಹಿರ್ಯಾರು ಹೇಳ್ಕೋತ ಬಂದಾರ, ಎಲ್ಲಾ ಜೀವದಾಗೂ ದೇವರು ಅದಾನ ಅಂತ. ಹಂಗಿದ್ರ ಪ್ರೀತಿ ಒಳಗೂ ಅದಾನ. ನಾಳೆ ತಿಪ್ಪ್ಯಾಗ ಯಾರನ್ನ ಹೂಳತೀರಿ?"

ಹೊಳೆಪ್ಪ ಎಲೆಯಡಿಕೆ ಉಗುಳಿದ. "ನಮ್ಮಪ್ಪ ಮಾಡ್ಯಾನ, ನಾವೂ ಮಾಡತೇವಿ."

"ಅಣ್ಣ ಇವತ್ತ ಕರಕೊಂಡ ಹೋಗ್ಲಿ ಬಿಡ್ರಿ, ಮಾವಾರ," ಎಂದು ಕಾವೇರಿ ಬಾಗಿಲಿಗೆ ಬಂದಳು.

"ನೀ ಒಳಗ ನಡಿ. ಹೊಟ್ಟ್ಯಾಗಿಂದೂ ಹಿಂಗ ಆಗಬೇಕಂತೀಯೇನು?" ಎಂದು ಹೊಳೆಪ್ಪ ಗದರಿದ.

ಬಾಳೇಶ ಸಲಿಕೆಯಿಂದ ಕಣ್ಣೆತ್ತಲಿಲ್ಲ. "ಗ್ರಹಣ ಬಿಟ್ಟ ಮ್ಯಾಲೆ ಒಯ್ಯೋ, ದುರಗೇಶ. ಒಂದೆರಡ ತಾಸಿನ ಮಾತು, ಏನ ಆಗತೈತಿ?"

ದುರಗೇಶ ಬರಿಗೈಲಿ ಹೋದ.

ಬೆಳಿಗ್ಗೆ ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಬಸುರಿಯ ಮೇಲೆ ಗ್ರಹಣದ ನೆರಳು ಬೀಳಬಾರದೆಂದು ಕಾವೇರಿಯನ್ನು ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಜಡಿದಿದ್ದರು. ಕಿಟಕಿಗೆ ಗೋಣಿಚೀಲ. ಪ್ರೀತಿಯನ್ನು ಕುಣಿಯಲ್ಲಿ ಇಳಿಸಿದರು. ಕಾಲಿಗೆ ಬಲವಿಲ್ಲದ ಕೂಸು, ಒಂದು ಕಡೆ ವಾಲುತ್ತಿತ್ತು. ವಾಲಬಾರದೆಂದು ಬಾಳೇಶ ಸುತ್ತಲಿನ ಮಣ್ಣನ್ನು ತುಳಿದು ತುಳಿದು ಗಟ್ಟಿ ಮಾಡಿದ.

ಬಿಸಿಲು ಬೂದಿಯ ಬಣ್ಣಕ್ಕೆ ತಿರುಗಿತು. ಕಾಗೆಗಳೂ ಬಾಯಿ ಮುಚ್ಚಿದವು.

"ಪ್ರೀತಿ, ಮಾತಾಡವಾ!" ಎಂದು ಕೋಣೆಯೊಳಗಿನಿಂದ ಕಾವೇರಿ ಕೂಗಿದಳು.

"ಅವ್ವಾ, ಎದಿ ಹಿಡದೈತಿ."

"ಹಿಡದದ್ದು ಬಿಡತೈತಿ, ಬಂಗಾರಾ. ತಾಯಿ ಹೀರಾಕತ್ತಾಳ," ಎಂದಳು ಲಗಮವ್ವ, ಅವಳ ಹಣೆ ಸವರುತ್ತ.

ಗೋಡೆಯ ಮೇಲಿಂದ ನಾನು, "ಹೊಳೆಪ್ಪಾ, ಮಣ್ಣ ಸಡ್ಲ ಮಾಡೋ," ಎಂದೆ.

"ನಡುವ ಮುಟ್ಟಿದ್ರ ಅರ್ಧ ಕರ್ಮ ಉಳೀತೈತಿ," ಎಂದ ಅವನು.

ಮತ್ತೊಮ್ಮೆ ಕಾವೇರಿ ಕೂಗಿದಳು. ಈ ಸಲ ಸಣ್ಣದೊಂದು ದನಿ ಬಂತು, ಮಾತಾಗಲಿಲ್ಲ. ಆಮೇಲೆ ಅದೂ ಇಲ್ಲ. ಕಾವೇರಿ ಬಾಗಿಲು ಬಡಿಯತೊಡಗಿದಳು. "ಅತ್ತೀ, ಆಕಿ ಯಾಕ ಮಾತಾಡವಲ್ಲಳು? ಬಾಗಲಾ ತಗೀರಿ!"

"ಚೀರಬ್ಯಾಡ. ಹೆಂಗ ಶಾಂತ ಆಗ್ಯಾಳ ನೋಡು ನನ್ನ ಕೂಸು. ಕರ್ಮ ಇಳ್ಯಾಕತ್ತೈತಿ."

ಗ್ರಹಣ ಬಿಟ್ಟ ಮೇಲೆ ಮಣ್ಣು ತೆಗೆದಾಗ ಹುಡುಗಿಯ ತುಟಿ ನೀಲಿಯಾಗಿತ್ತು. ಕರೆದೊಯ್ಯಲೆಂದು ಅದೇ ಹೊತ್ತಿಗೆ ಬಂದ ದುರಗೇಶ ಎತ್ತಿಕೊಂಡು ಓಡಿದ. ಎದೆ ಹಿಗ್ಗಲು ಜಾಗವೇ ಸಿಕ್ಕಿಲ್ಲ, ಜೀವ ಹೋಗಿ ಹೊತ್ತಾಗಿದೆ ಎಂದರು ಡಾಕ್ಟರು. ಪೊಲೀಸರು ಬಂದರು, ಪಂಚನಾಮೆ ಆಯಿತು. ಮನೆಗೆ ಬಂದವರಿಗೆಲ್ಲ ಹೊಳೆಪ್ಪ ಒಂದೇ ಮಾತು ಹೇಳುತ್ತಿದ್ದ: "ಕರ್ಮ ತೀರಿಸಕೊಂಡ ಹ್ವಾತು ಕೂಸು."

ಮರುದಿನ ಮಣ್ಣು. ನಮ್ಮಲ್ಲಿ ಹೆಣ ಹೂಳುತ್ತಾರೆ, ಅದರಲ್ಲೂ ಮಕ್ಕಳನ್ನು. ಹೆಂಗಸರು ಸುಡುಗಾಡಿಗೆ ಬರುವುದಿಲ್ಲ, ಬಸುರಿಯಂತೂ ದೂರದ ಮಾತು. ಕಾವೇರಿ ಬಂದಳು. ಮಗಳನ್ನು ಎದೆಗೆ ಅವಚಿಕೊಂಡು, ಬಾಳೇಶ ನಿಂತಿದ್ದ ಕುಣಿಯ ಅಂಚಿಗೆ ಬಂದು ನಿಂತಳು.

"ಒಮ್ಮಿ ಹೂತಿದ್ದು ಸಾಕು. ನನ್ನ ಮಗಳನ್ನ ಇನ್ನೊಮ್ಮಿ ಮಣ್ಣಾಗ ಇಡಗೊಡಂಗಿಲ್ಲ. ಕಟಗಿ ತರ್ರಿ, ಸುಡೂನು."

"ಸಣ್ಣ ಕೂಸಿಗೆ ಬೆಂಕಿ ಕೊಡೂದು ನಮ್ಮಲ್ಲಿ ಇಲ್ಲದ ಪದ್ಧತಿ," ಎಂದ ಹೊಳೆಪ್ಪ.

"ಇಲ್ಲದ್ದು ಇವತ್ತಿಂದ ಆಗ್ಲಿ."

"ಹುಚ್ಚಿ, ಹೊಟ್ಟ್ಯಾಗಿನ ಕೂಸಿಗೆ ದೋಷ ತಗಲತೈತಿ!"

ಕಾವೇರಿ ಮಾವನ ಮುಖವನ್ನು ನೆಟ್ಟಗೆ ನೋಡಿದಳು. ಅಲ್ಲಿಯವರೆಗೆ ಅವಳು ಹಾಗೆ ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಅದಕ್ಕೂ ಒಂದ ಕುಣಿ ತೋಡಿಟ್ಟೀರೇನ್ರಿ, ಮಾವಾರ?"

ಬಾಳೇಶ ಸಲಿಕೆಯನ್ನು ಕುಣಿಯಲ್ಲೇ ಬಿಟ್ಟು ಮೇಲೆ ಹತ್ತಿ ಬಂದ. ಅಪ್ಪನ ಕಡೆ ನೋಡದೆ, ದುರಗೇಶನ ಜೊತೆ ಕಟ್ಟಿಗೆ ತರಲು ಹೋದ.