ತೊಡೆಗೆ ಹತ್ತಿ ಹೊಲಿಯಹೊರಟ ದರ್ಜಿ

ಆಟದಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡವರು ನಿಮ್ಮ ಬೀದಿಯಲ್ಲೂ ಇರುತ್ತಾರೆ. ಒಬ್ಬ ದರ್ಜಿಯ ಮಗಳು ಹಾಗೇ ಫುಟ್‌ಬಾಲ್ ಆಡುತ್ತಾ ಮೊಣಕಾಲು ತಿರುಚಿಕೊಂಡಳು. ಓಡುವ ರಭಸಕ್ಕೆ ಎಲ್ಲರೂ ಅವಳನ್ನು ಬಿರುಗಾಳಿ ಎನ್ನುತ್ತಿದ್ದರು. ಸೇನೆಗೆ ಸೇರಲೇಬೇಕೆಂಬ ಹಠ ಅವಳದು. ಓಟದ ಪರೀಕ್ಷೆ, ಬರೆಯುವ ಪರೀಕ್ಷೆ ಎರಡೂ ಮುಗಿದು ವೈದ್ಯಕೀಯ ತಪಾಸಣೆಯೊಂದೇ ಬಾಕಿಯಿತ್ತು.

"ಮೂಳೆ ಮುರಿದಿಲ್ಲ. ಸ್ವಲ್ಪ ದಿನ ವಿಶ್ರಾಂತಿ, ಊತ ಇಳಿದ ಮೇಲೆ ವ್ಯಾಯಾಮ" ಎಂದಿದ್ದರು ಡಾಕ್ಟರು. ದರ್ಜಿಯ ಕಿವಿಗೆ ವಿಶ್ರಾಂತಿ ಬಿತ್ತೇ ಹೊರತು ವ್ಯಾಯಾಮ ಬೀಳಲಿಲ್ಲ. ಮಗಳನ್ನು ಮಂಚ ಬಿಟ್ಟು ಇಳಿಯಗೊಡಲಿಲ್ಲ. ನೀರು ಬೇಕೆಂದರೂ ಹೊಲಿಗೆ ನಿಲ್ಲಿಸಿ ತಾನೇ ತಂದುಕೊಟ್ಟ. ಮುದ್ದು ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಬಿಡಿ.

ಊತ ಇಳಿಯಿತು, ನೋವೂ ಹೋಯಿತು. ತಪಾಸಣೆಗೆ ಹಾಕಿಕೊಂಡು ಹೋಗಲು ಹೊಸ ಪ್ಯಾಂಟು ಹೊಲಿಯೋಣವೆಂದು ಅಳತೆ ತೆಗೆದ ದರ್ಜಿ ಟೇಪನ್ನು ಮತ್ತೆ ಮತ್ತೆ ಸುತ್ತಿ ನೋಡಿದ. ಪೆಟ್ಟಾದ ಕಾಲಿನ ತೊಡೆ ಇನ್ನೊಂದಕ್ಕಿಂತ ಒಂದಿಂಚು ಸಣ್ಣಗಾಗಿತ್ತು.

ಅಷ್ಟರಲ್ಲಿ ಬಿಳಿ ಕೋಟಿನ ತೋಳು ಚಿಕ್ಕದು ಮಾಡಿಸಲು ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಮನೆಯ ಮುಂಭಾಗದ ಅಂಗಡಿಗೆ ಬಂದರು. ಪೆಟ್ಟಾದ ಕೈಕಾಲಿಗೆ ವ್ಯಾಯಾಮ ಮಾಡಿಸಿ ಬಲ ತರಿಸುವುದು ಅವರ ಕೆಲಸ. ದರ್ಜಿ ವಿಷಯ ಹೇಳಿ, ದನಿ ತಗ್ಗಿಸಿದ.

"ಪ್ಯಾಂಟಿನೊಳಗೆ ಒಂದು ಪದರ ಹತ್ತಿ ಕೊಟ್ಟು ಹೊಲಿದುಬಿಡ್ತೀನಿ ಮೇಡಂ. ಎರಡೂ ಕಾಲು ಸಮ ಕಾಣುತ್ತೆ. ನನ್ನ ಕೈಕೆಲಸ, ಯಾರಿಗೂ ಗೊತ್ತಾಗಲ್ಲ."

ಮೇಡಂ ನಕ್ಕುಬಿಟ್ಟರು. "ಅಲ್ಲಿ ಪ್ಯಾಂಟು ಬಿಚ್ಚಿಸಿ ಕಾಲು ನೋಡ್ತಾರೆ ಯಜಮಾನ್ರೇ. ಕುಕ್ಕರಗಾಲಲ್ಲಿ ಕೂರಿಸ್ತಾರೆ, ಒಂಟಿಕಾಲಲ್ಲಿ ಕುಪ್ಪಳಿಸು ಅಂತಾರೆ. ನಿಮ್ಮ ಹತ್ತಿ ಕುಪ್ಪಳಿಸುತ್ತಾ? ಹೇಗೋ ಪಾಸಾದ್ಲು ಅಂತಾನೇ ಇಟ್ಕೊಳ್ಳಿ. ಬೆನ್ನ ಮೇಲೆ ಭಾರ ಹೊತ್ತು ಓಡುವಾಗ ಮಂಡಿ ಕೈಕೊಟ್ರೆ? ಹತ್ತಿ ಬೇಡ, ವ್ಯಾಯಾಮ ಮಾಡಿಸಿ."

"ವ್ಯಾಯಾಮ ಮಾಡಿಸೋಕೆ ಹೋಗಿ ಒಳಗೆ ಮತ್ತೆ ಏನಾದ್ರೂ ಹರಿದ್ರೆ?"

"ಒಮ್ಮೆಲೇ ಓಡಿಸಿದ್ರೆ ತೊಂದರೇನೇ. ಸ್ವಲ್ಪ ಸ್ವಲ್ಪವಾಗಿ ಮಾಡಿದ್ರೆ ಬಲ ಬರುತ್ತೆ. ಸುಮ್ನೆ ಮಲಗಿಸಿದ ಕಾಲು ಸೊರಗುತ್ತೆ. ನೋಡಿ ಬೇಕಾದ್ರೆ."

ಮೇಡಂ ಹುಡುಗಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿ, ಮಂಡಿ ಮಡಚದೆ ಕಾಲೆತ್ತಲು ಹೇಳಿದರು. ಒಂದು ಗೇಣು ಎತ್ತುವಷ್ಟರಲ್ಲಿ ಕಾಲು ಗಡಗಡ ನಡುಗಿತು. ದರ್ಜಿ ಕಾಲು ಹಿಡಿಯಲು ಕೈ ಚಾಚಿದ.

"ಅಪ್ಪಾ, ನನ್ನ ಒಳ್ಳೇದಕ್ಕೇ ಮಲಗಿಸಿದೆ, ಗೊತ್ತು" ಎಂದಳು ಬಿರುಗಾಳಿ. "ಇನ್ನು ಎದ್ದೇಳೋಕೆ ಬಿಡು."

ಮಾರನೆಯ ದಿನವೇ ಡಾಕ್ಟರಿಗೆ ತೋರಿಸಿ ವ್ಯಾಯಾಮ ಶುರು ಮಾಡಿದರು. ಮೊದಲು ಸುತ್ತಿದ ಟವೆಲನ್ನು ಮಂಡಿಯಡಿ ಇಟ್ಟು ಒತ್ತುವುದು, ಆಮೇಲೆ ಮೆಟ್ಟಿಲು ಹತ್ತುವುದು, ಎಷ್ಟೋ ದಿನಗಳ ನಂತರ ನಿಧಾನದ ಓಟ. ನೋವು, ಊತ ಕಂಡರೆ ನಿಲ್ಲಿಸಿ ಮೇಡಂ ಅವರನ್ನು ಕೇಳುತ್ತಿದ್ದಳು. ಆದರೆ ಮಂಡಿ ಗಟ್ಟಿಯಾಗುವ ಮೊದಲೇ ತಪಾಸಣೆಯ ದಿನ ಬಂತು. ವಯಸ್ಸು ಇನ್ನೂ ಮೀರಿಲ್ಲ, ಮುಂದಿನ ಸಲ ಬರಬಹುದು ಎಂದು ಭರ್ತಿ ಕಚೇರಿಯವರು ಹೇಳಿದ್ದರಿಂದ ಆ ಸಲ ಬಿಟ್ಟುಕೊಟ್ಟಳು.

"ಮತ್ತೆ ಮೊದಲಿಂದ ಓಡ್ಬೇಕಲ್ಲಮ್ಮ" ಎಂದು ದರ್ಜಿ ಪೇಚಾಡಿದ.

"ಓಡ್ತೀನಿ. ಅದಕ್ಕೇನಂತೆ."

ಓಡಿದಳು, ಬರೆದಳು, ಮತ್ತೆ ತಪಾಸಣೆಗೆ ಹೋದಳು. ಹಳೆಯ ಪೆಟ್ಟು ಏನಾದರೂ ಇದೆಯೇ ಎಂದು ಸೇನೆಯ ಡಾಕ್ಟರು ಕೇಳಿದಾಗ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ಕೂರಿಸಿದರು, ಕುಪ್ಪಳಿಸಲು ಹೇಳಿದರು, ಮಂಡಿಯನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಕೊನೆಗೆ ಪಾಸು ಎಂದರು.

ಗೇಟಿನಾಚೆ ಕಾಯುತ್ತಿದ್ದ ದರ್ಜಿಗೆ ಮಗಳು ಓಡಿಬರುವುದು ಕಂಡಿತು. ಕೇಳುವ ಅಗತ್ಯವೇ ಬೀಳಲಿಲ್ಲ. ಖುಷಿಗೆ ತಾನೂ ಎದುರು ಓಡಿದ, ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ನಿಮ್ಮ ಮನೆಯ ಮಕ್ಕಳೂ ಸೇನೆಯ ಕನಸು ಕಾಣುತ್ತಿದ್ದಾರೆಯೇ? ಆಟದಲ್ಲಿ ಪೆಟ್ಟಾದರೆ ಬಚ್ಚಿಡಬೇಡಿ, ನೋವಿನ ಮೇಲೆ ಓಡಿಸಬೇಡಿ, ನೋವು ಹೋಯಿತೆಂದು ಮಲಗಿಸಿಯೂ ಇಡಬೇಡಿ. ಡಾಕ್ಟರು ಹೇಳಿದ ಮಾತನ್ನು ಕೊನೆಯವರೆಗೂ ಕೇಳಿಸಿಕೊಳ್ಳಿ. ವಾಸಿಯಾಗಲು ಕಾಲಿಗೆ ಬೇಕಾದಷ್ಟು ಸಮಯ ಕೊಡಿ.