ಹಿತ್ತಿಲಿನ ಗುಂಡಿ

ಮುನಿಶಾಮಪ್ಪ ಜಗಲಿಯ ಅಂಚಿನಲ್ಲಿ ಕೂತು ಕ್ಷೌರದ ಕತ್ತಿಯನ್ನು ಕಲ್ಲಿಗೆ ಮಸೆಯುತ್ತಿದ್ದ. ಆಗಾಗ ಕಲ್ಲಿನ ಮೇಲೆ ನೀರು ಚಿಮುಕಿಸುತ್ತಿದ್ದ.

"ಬೇಗ ಮಸಿಯಪ್ಪಾ, ಬಿಸ್ಲು ಏರೋಕ್ ಮುಂಚೆ ಮಣ್ಣಾಗ್ಬೇಕು," ಎಂದರು ಊರ ಯಜಮಾನ ಪಾಪಯ್ಯ.

"ಗಡ್ಡ ಹೆರೆಯೋ ಕತ್ತಿ ಸ್ವಾಮಿ ಇದು. ನಮ್ಮಪ್ಪ ಒಂದ್ಸಲ ಈ ಕೆಲ್ಸ ಮಾಡಿದ್ದ. ಆಮೇಲೆ ಬಹಳ ದಿನ ಆ ಕೈಲಿ ಮುದ್ದೆ ಮುರೀಲಿಲ್ಲ."

"ಏನ್ ಮಾಡೋದು? ಬಸುರಿ ಸತ್ರೆ ಕೂಸನ್ನ ತೆಗೆದು ಬೇರೆ ಹೂಳ್ಬೇಕು. ಹಿರೀಕರಿಂದ ಬಂದಿದ್ದು."

ಒಳಗೆ ಚಾಪೆಯ ಮೇಲೆ ಪಿಳ್ಳಮ್ಮನ ಹೆಣವಿತ್ತು. ಸೀರೆಯ ಕೆಳಗೆ ಹೊಟ್ಟೆ ಇನ್ನೂ ಎದ್ದು ನಿಂತಿತ್ತು. ಕೈ ತುಂಬ ಹಸಿರು ಗಾಜಿನ ಬಳೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಸೊಸೆ ಬಸುರಾದಳೆಂದು ಅತ್ತೆ ಕದಿರಮ್ಮ ತಾನೇ ತೊಡಿಸಿದ್ದು. ಗಂಡ ಜವರಪ್ಪ ಅವಳ ಕಾಲ ಬಳಿ ಗೋಡೆಗೊರಗಿ, ಹೊರಗಿನ ಕಲ್ಲಿನ ಸದ್ದು ಕೇಳುತ್ತ ಕೂತಿದ್ದ. ಆ ಹೊಟ್ಟೆಯಲ್ಲಿ ಕೂಸಿಲ್ಲವೆಂದು ಅವನೊಬ್ಬನಿಗೇ ಗೊತ್ತಿತ್ತು.

*

ಬಳೆ ತೊಡಿಸುವುದಕ್ಕೂ ಮುಂಚೆ, ಬಸುರಿಗೆ ರಕ್ತ ನಿಲ್ಲಲೊಲ್ಲದೆಂದು ಗಂಡ ಹೆಂಡತಿ ಇಬ್ಬರೂ ಇದ್ದಿಲ ಗ್ಯಾಸಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿದ್ದರು. ಪೆಟ್ರೋಲು ಸಿಗದ ಯುದ್ಧದ ಕಾಲ, ಆಸ್ಪತ್ರೆಯ ತುಂಬ ಸಿಪಾಯಿಗಳು. ಡಾಕ್ಟರಮ್ಮ ಒಳಗಿನಿಂದ ಚೂರು ತೆಗೆದು, ಗಾಜಿನ ಮೇಲಿಟ್ಟು ನೋಡಿ, ಮತ್ತೊಬ್ಬರಿಗೂ ತೋರಿಸಿ, ಕೊನೆಗೆ ಜವರಪ್ಪನನ್ನು ಕರೆದಿದ್ದರು.

"ಬಸುರಲ್ಲಪ್ಪ. ಗರ್ಭಕೋಶದ ರಕ್ತನಾಳದಲ್ಲೇ ಹುಟ್ಟಿದ ಗೆಡ್ಡೆ. ನಾನೂ ಪುಸ್ತಕದಲ್ಲಿ ಓದಿದ್ದೇ ಹೊರತು ಕಣ್ಣಲ್ಲಿ ನೋಡಿರಲಿಲ್ಲ. ಎದೆಗೂ ಹಬ್ಬಿದೆ. ಈಗ ಕೊಯ್ದರೆ ರಕ್ತ ನಿಲ್ಲಲ್ಲ. ಮನೆಗೆ ಕರ್ಕೊಂಡು ಹೋಗು."

ವಾಪಸು ಬರುವಾಗ ಬಸ್ಸು ಕೆಟ್ಟು, ನಲ್ಲೂರಿನ ಹುಣಸೆತೋಪಿನಲ್ಲಿ ಕೂತರು. ಅವನು ಹೇಳಿದ್ದನ್ನೆಲ್ಲ ಪಿಳ್ಳಮ್ಮ ಪೂರ್ತಿ ಕೇಳಿಸಿಕೊಂಡಳು. ಬಿದ್ದಿದ್ದ ಹುಣಸೆಕಾಯಿಯೊಂದನ್ನು ಸೆರಗಿಗೆ ಒರೆಸಿ ಕಚ್ಚಿದಳು.

"ನಿಮ್ಮವ್ವಂಗೆ ಹೇಳ್ಬೇಡ."

"ಹೇಳ್ದೆ ಹೆಂಗೆ?"

"ಈಗ ಅವರು ನನ್ನ ಬಂಜೆ ಅನ್ನಲ್ಲ. ಕೂತ್ಕೊಂಡು ಉಣ್ಣು ಅಂತಾರೆ. ಇರೋಷ್ಟು ದಿನ ಹಂಗೇ ಇರ್ಲಿ." ಅವನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. "ಸತ್ತ ಮೇಲೂ ಹೇಳ್ಬೇಡ."

*

ಹೊರಗೆ ಕಲ್ಲಿನ ಸದ್ದು ನಿಂತಿತು.

ಜವರಪ್ಪ ಎದ್ದು ಬಚ್ಚಲಿಗೆ ಹೋದ. ಕದಿರಮ್ಮ ಹೆಣ ತೊಳೆಯುವ ನೀರಿಗೆ ಉರಿ ಹಾಕುತ್ತಿದ್ದಳು.

"ಅವ್ವಾ, ಕೊಯ್ಯೋದು ಬೇಡ. ಒಳಗೆ ಕೂಸಿಲ್ಲ."

"ಮತ್ತೇನೈತೆ?"

"ಗೆಡ್ಡೆ. ರಕ್ತದ ಗೆಡ್ಡೆ. ಬೆಂಗಳೂರಲ್ಲೇ ಹೇಳಿದ್ರು."

ಕದಿರಮ್ಮ ಒಲೆಯಿಂದ ಕಣ್ಣು ತೆಗೆಯಲಿಲ್ಲ. "ನಾನು ಬಳೆ ತೊಡಿಸ್ದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಅವಳ್ಗೂ?"

"ಅವಳೇ ಹೇಳ್ಬೇಡ ಅಂದಿದ್ದು. ನೀನು ಕೂತ್ಕೊಂಡು ಉಣ್ಣು ಅಂದಿದ್ದು ಅದೇ ಮೊದ್ಲಂತೆ."

ಮುದುಕಿ ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. ಮತ್ತೆ ಈಚೆಗೆ ಎಳೆದಳು. ಆಮೇಲೆ ಮೂಲೆಯಲ್ಲಿದ್ದ ಗುದ್ದಲಿ ತಗೊಂಡು ಹಿತ್ತಿಲಿಗೆ ನಡೆದಳು.

ಮುನಿಶಾಮಪ್ಪ ಹೊಸ್ತಿಲು ದಾಟುವ ಹೊತ್ತಿಗೆ ಅವಳು ಹೆಣಕ್ಕೆ ಅಡ್ಡ ನಿಂತಿದ್ದಳು. ಮೊಣಕೈವರೆಗೂ ಮಣ್ಣು.

"ಕತ್ತಿ ಮಡಚು. ಬೆಳಗಿನ ಜಾವ ಹೆತ್ತೇ ಪ್ರಾಣ ಬಿಟ್ಲು. ಕೂಸು ಸತ್ತೇ ಹುಟ್ತು. ಹಿತ್ತಿಲಲ್ಲಿ ಮಣ್ಣು ಮಾಡಿದೀನಿ. ಆಗ್ಲೇ ಹೇಳೋಕ್ ಬಾಯಿ ಬರ್ಲಿಲ್ಲ."

ಪಾಪಯ್ಯ ಹಿಂದಿನಿಂದ ಇಣುಕಿದರು. "ಅಲ್ಲ ಕದಿರಕ್ಕಾ, ಹೊಟ್ಟೆ ಇಷ್ಟೆತ್ತರ ಐತಲ್ಲ?"

"ಹೆತ್ತ ಹೊಟ್ಟೆ ಅವತ್ತೇ ಇಳಿಯುತ್ತೇನೋ ಪಾಪಯ್ಯ? ನೀನೆಷ್ಟು ಹೆತ್ತಿದ್ದೀಯ?"

ಜಗಲಿಯಲ್ಲಿ ಯಾರೋ ನಗು ತಡೆದುಕೊಂಡು ಕೆಮ್ಮಿದರು. ಪಾಪಯ್ಯ ಹಿತ್ತಿಲಿಗೆ ಹೋಗಿ, ಹಸಿಮಣ್ಣಿನ ಸಣ್ಣ ದಿಬ್ಬ ನೋಡಿ ಬಂದರು.

"ಗಂಡೋ ಹೆಣ್ಣೋ?"

ಕದಿರಮ್ಮ ಮಗನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

"ಹೆಣ್ಣು," ಎಂದಳು. "ಅವಳ ಹಂಗೇ ಇತ್ತು."

ಮುನಿಶಾಮಪ್ಪ ಕತ್ತಿಯನ್ನು ಪಂಚೆಗೆ ಒರೆಸಿ ಮಡಚಿದ.

ಪಿಳ್ಳಮ್ಮನನ್ನು ಹಸಿರು ಬಳೆಯ ಸಮೇತ, ಕತ್ತಿ ತಾಕದ ಮೈಯಲ್ಲಿ, ಹೊಲದ ಬದುವಿನಲ್ಲಿ ಹೂತರು. ಜವರಪ್ಪ ಕೆರೆಯಲ್ಲಿ ಮುಳುಗಿ ಎದ್ದು ಒದ್ದೆ ಪಂಚೆಯಲ್ಲಿ ಮನೆಗೆ ಬಂದಾಗ, ಹೆಣ ಇದ್ದಲ್ಲಿ ಹಚ್ಚಿದ್ದ ದೀಪದ ಮುಂದೆ ಅವ್ವ ಇರಲಿಲ್ಲ. ಹುಟ್ಟುವ ಕೂಸಿಗೆಂದು ಅವ್ವ ಹೊಲಿದಿಟ್ಟಿದ್ದ ಕುಲಾವಿಯೂ ಗೂಟದ ಮೇಲಿರಲಿಲ್ಲ.

ಹಿತ್ತಿಲಲ್ಲಿ ದಿಬ್ಬದ ಮೇಲೆ ಜಾಲಿಮುಳ್ಳು ಮುಚ್ಚಿತ್ತು. ಪಕ್ಕದಲ್ಲಿ ಕದಿರಮ್ಮ ಕೋಲು ಹಿಡಿದು ಕೂತಿದ್ದಳು. ಬೀದಿಯ ನಾಯಿಯೊಂದು ಬೇಲಿ ನುಸುಳಿ ಬಂದು, ಮಣ್ಣು ಮೂಸಿ, ಏನೂ ಸಿಗದೆ ತಾನಾಗಿಯೇ ಹಿಂದಕ್ಕೆ ತಿರುಗಿತು. ಆದರೂ ಮುದುಕಿ ಎದ್ದು, ಅದು ಬೇಲಿಯಾಚೆ ಹೋಗುವವರೆಗೂ ಕೋಲು ಬೀಸುತ್ತ ಅಟ್ಟಿಸಿಕೊಂಡು ಹೋದಳು.