ಮತಗಟ್ಟೆಗೆ ಬಂದ ಕಲ್ಲಂಗಡಿ

ಕೀನ್ಯಾದ ಮಕುವೇನಿ ಸೀಮೆಯಲ್ಲಿ ಸ್ಯೊಂಬುವಾ ಬೆಳೆದ ಕಲ್ಲಂಗಡಿಯನ್ನು ಎತ್ತಲು ಇಬ್ಬರು ಗಂಡಸರು ಬೇಕು, ಹೊಗಳಲು ಇಡೀ ಸಂತೆ ಬೇಕು. ಹೊಳೆದಂಡೆಯ ಆ ನೆಲ ಮಾತ್ರ ಅವಳದಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನವೇ ಅಣ್ಣ ಮುತಿಸೊ, "ಹೆಣ್ಣಿಗೆಂಥ ಹೊಲ? ನಾ ಹೋಗು ಅನ್ನೋವರೆಗೂ ಇರು" ಅಂದು ಒಂದು ತುಂಡಿಗೆ ಗಡಿ ಹಾಕಿಕೊಟ್ಟಿದ್ದ.

ಈಗ ಹೊಸ ಸಂವಿಧಾನ ಬರುವುದಿತ್ತು. ಅದು ಬಂದರೆ ಅಪ್ಪನ ಆಸ್ತಿಯಲ್ಲಿ ಮಗಳಿಗೂ ಪಾಲುಂಟೆಂದು ರೇಡಿಯೊ ಗಂಟಲು ಹರಿದುಕೊಳ್ಳುತ್ತಿತ್ತು. ಬೇಕೆಂದವರು ಹಸಿರಿಗೆ, ಬೇಡವೆಂದವರು ಕೆಂಪಿಗೆ ಮತ ಹಾಕಬೇಕು. ಮುತಿಸೊ ಎಂಥ ಕೆಂಪನೆಂದರೆ, ಹಸಿರೆಂಬ ಸಿಟ್ಟಿಗೆ ಸೊಪ್ಪಿನ ಪಲ್ಯವನ್ನು ಆಚೆ ತಳ್ಳಿ ಬರೀ ಉಗಾಲಿ ಮುದ್ದೆ ನುಂಗುತ್ತಿದ್ದ.

ಮತದಾನದ ಬೆಳಗ್ಗೆ ಶಾಲೆಯ ಮುಂದಿನ ಸಾಲಿನ ಬಾಲ ಹಿಂದೂ ಮಹಾಸಾಗರದಲ್ಲಿ ನೆನೆಯುತ್ತಿತ್ತು. ಮತ ಹಾಕಿ ಹಾಗೇ ಸಂತೆಗೆ ಹೋಗೋಣವೆಂದು ಸ್ಯೊಂಬುವಾ ಕರುವಿನಷ್ಟು ದೊಡ್ಡ ಕಲ್ಲಂಗಡಿ ಹೊತ್ತು ನಿಂತಿದ್ದಳು. ಅವಳ ಸರದಿ ಬಂದದ್ದೇ ತಡ, ಮುತಿಸೊ ಬಾಗಿಲಿಗೆ ಅಡ್ಡ ನಿಂತ.

"ಸಾರ್, ಬಿಡ್ಬೇಡಿ ಇವಳನ್ನ! ಮತಗಟ್ಟೇಲಿ ಪ್ರಚಾರ ಮಾಡೋ ಹಾಗಿಲ್ಲ. ತಲೆ ಮೇಲೆ ನೋಡಿ, ಹಸಿರು!"

ಅಧಿಕಾರಿ ಕನ್ನಡಕ ಒರೆಸಿಕೊಂಡ. "ಹೌದಲ್ಲಾ! ಅಮ್ಮಾ, ಅದನ್ನ ಎಲ್ಲಾದ್ರೂ ಬಿಟ್ಟು ಬಂದು ಕೊನೇಲಿ ನಿಂತ್ಕೊ."

"ಕೊನೇಲಾ? ಅಲ್ಲಿ ತಿಮಿಂಗಿಲ ಇದಾವೆ ಸಾರ್! ಒಂದು ಹೆಜ್ಜೆ ಹಿಂದೆ ಇಡಲ್ಲ ನಾನು."

ಹಣ್ಣನ್ನೆತ್ತಿ ಮೆಟ್ಟಿಲಿಗೆ ಅಪ್ಪಳಿಸಿದಳು. ಆ ಸದ್ದಿಗೆ ನೈರೋಬಿಯಲ್ಲಿ ಕಿಟಕಿಗಳು ಅದುರಿದವು. ಕೆಂಪು ರಸ ಮುತಿಸೊನ ಬಿಳಿ ಅಂಗಿಯ ತುಂಬ ಚಿಮ್ಮಿತು.

"ಈಗ ಹೇಳಣ್ಣಾ, ಇದು ಯಾರ ಪ್ರಚಾರ?"

ಸಾಲಿನಲ್ಲಿದ್ದವರು ಮುಗಿಬಿದ್ದು ಸಾಕ್ಷ್ಯವನ್ನೆಲ್ಲ ತಿಂದು ಮುಗಿಸಿದರು. ಒಬ್ಬ ಮುದುಕಿ ಬೀಜ ಉಗಿಯುತ್ತ ಕೂಗಿದಳು: "ಸಾರ್, ಇವನ ಅಂಗಿ ನೋಡಿ, ಕೆಂಪು! ಪ್ರಚಾರ ಮಾಡ್ತಾವ್ನೆ!"

ಅಧಿಕಾರಿಗೆ ನಿಯಮವೆಂದರೆ ನಿಯಮ. ಅಂಗಿ ಒಗೆದುಕೊಂಡು ಸಾಲಿನ ಕೊನೆಗೆ ಬಾ ಎಂದು ಮುತಿಸೊನನ್ನು ಅಟ್ಟಿದ.

ಸ್ಯೊಂಬುವಾ ಮತ ಹಾಕಿ ಬಂದಳು. ಸಂತೆಗೆ ಒಯ್ಯಲು ಹಣ್ಣಿರಲಿಲ್ಲ. ಮೆಟ್ಟಿಲ ಮೇಲಿನ ಬೀಜಗಳನ್ನು ಸೆರಗಿಗೆ ಬಾಚಿಕೊಂಡು, ನೆಟ್ಟಗೆ ಹೊಳೆದಂಡೆಗೆ ನಡೆದು, ಅಣ್ಣ ಹಾಕಿದ ಗಡಿಯ ಆಚೆಗೂ ಗುದ್ದಲಿ ಊರಿದಳು.

ಸಂಜೆ ಮುತಿಸೊ ಒದ್ದೆ ಅಂಗಿಯಲ್ಲೇ ಓಡಿಬಂದ. "ಯಾರನ್ನ ಕೇಳಿ ಬಿತ್ತುತಾ ಇದ್ದೀಯೇ? ಇನ್ನೂ ಎಣಿಕೆನೇ ಮುಗಿದಿಲ್ಲ!"

"ಅವರು ಎಣಿಸ್ಲಿ, ನಾನು ಬಿತ್ತುತೀನಿ."

"ಸೋತ್ರೆ?"

"ಬೀಜ ಕೀಳೋಕೆ ನೀನೇ ಬಗ್ಗಬೇಕು. ನಿನ್ನ ಸೊಂಟ ನಂಗೊತ್ತಿಲ್ವಾ?"

ಮರುದಿನ ಹಸಿರು ಗೆದ್ದ ಸುದ್ದಿಗೆ ಬೆಟ್ಟಗಳೇ ಎದ್ದು ಕುಣಿದವು. ಸ್ಯೊಂಬುವಾ ತಲೆ ಎತ್ತಲಿಲ್ಲ. ಅಪ್ಪನ ಹೊಲದಲ್ಲಿ ಅವಳ ಪಾಲಿನದು ಇನ್ನೂ ಅರ್ಧ ಬಿತ್ತುವುದಿತ್ತು.